ಹಳೇ ಪಲ್ಸರ್ 150: ಸೀಲ್ ಬದಲಿಸಿದ್ರೂ ಫೋರ್ಕ್ ಆಯಿಲ್ ಮತ್ತೆ ಸೋರ್ತಿದೆ

ಪಲ್ಸರ್_ರಾಜಾಜಿನಗರ:
2007ರ ಪಲ್ಸರ್ 150, ಮುಂದೆ ಡಿಸ್ಕ್. ಎಡಗಡೆ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಶಾಕ್ ಅಬ್ಸಾರ್ಬರ್) ಪೈಪ್ ಮೇಲೆ ಎಣ್ಣೆ ಉಂಗುರ ಕಟ್ಟುತ್ತೆ, ನಾಲ್ಕು ಹಂಪ್ ದಾಟಿದ್ರೆ ಬಾಟಮ್ (ಪೈಪ್ ಒಳಗೆ ಜಾರೋ ಕೆಳಗಿನ ದಪ್ಪ ಕೊಳವೆ) ಮೇಲೆ ಇಳಿದು ಬರುತ್ತೆ. ಬ್ರೇಕ್ ಹಿಡಿದ್ರೆ ಮುಂಭಾಗ ಧುಪ್ ಅಂತ ಕೂರುತ್ತೆ. ಹೋದ ವರ್ಷ ಗ್ಯಾರೇಜಲ್ಲಿ ಎರಡೂ ಕಡೆ ಸೀಲ್ (ಎಣ್ಣೆ ತಡೆಯೋ ರಬ್ಬರ್ ಉಂಗುರ) ಹಾಕಿಸಿ 20ಡಬ್ಲ್ಯೂ-40 ಎಂಜಿನ್ ಆಯಿಲ್ ತುಂಬಿಸಿದ್ದೆ. ಈ ಸಲ ಮನೇಲೇ ಬಿಚ್ಚೋಣ ಅಂತಿದೀನಿ. ಸೀಲ್ ಇಷ್ಟು ಬೇಗ ಯಾಕೆ ಹೋಯ್ತು? ಯಾವ ಆಯಿಲ್, ಎಷ್ಟು ಹಾಕಬೇಕು? ಕೆಳಗಿನ ಅಲೆನ್ ಬೋಲ್ಟ್ ಬಿಚ್ಚೋಕೆ ಹೋದ್ರೆ ಒಳಗಿನ ರಾಡ್ ಜೊತೆಗೇ ಸುತ್ತುತ್ತೆ ಅಂತಾರೆ, ಅದಕ್ಕೇನು ಮಾಡೋದು?

ಸ್ಪ್ಯಾನರ್_ಬಸವನಗುಡಿ:
ಸೀಲ್ ತರೋಕೆ ಮುಂಚೆ ಪೈಪ್ ನೋಡಿ ಸರ್. ಒಂದೇ ಕಡೆ ಪದೇಪದೇ ಸೋರ್ತಿದ್ರೆ ತಪ್ಪು ಸಾಮಾನ್ಯವಾಗಿ ಸೀಲಿಂದಲ್ಲ, ಪೈಪಿಂದು. ಡಸ್ಟ್ ಕವರ್ ಮೇಲಕ್ಕೆ ಸರಿಸಿ, ಪೈಪನ್ನ ಬಟ್ಟೇಲಿ ಚೆನ್ನಾಗಿ ಒರೆಸಿ, ಸೀಲ್ ಓಡಾಡೋ ಜಾಗದಲ್ಲಿ, ಅಂದ್ರೆ ಬಾಟಮ್‌ನಿಂದ ಮೇಲಕ್ಕೆ ಒಂದು ಗೇಣಿನಷ್ಟು, ಹೆಬ್ಬೆರಳಿನ ಉಗುರು ಎಳೀರಿ. ಸುತ್ತಲೂ, ಮುಖ್ಯವಾಗಿ ಮುಂದಿನ ಚಕ್ರದ ಕಡೆಯಿಂದ ಕಲ್ಲು ಬಡಿಯೋ ಭಾಗ. ಉಗುರು ಎಲ್ಲಾದ್ರೂ ತಡೆದ್ರೆ ಅಲ್ಲಿ ತುಕ್ಕು ಕ್ರೋಮನ್ನ ತಿಂದಿದೆ. ಆ ಚುಕ್ಕೆ ಸೀಲಿನ ತುಟಿ ಮೇಲೆ ಹಾದಾಗಲೆಲ್ಲ ರಬ್ಬರ್ ಕೆರೆಯುತ್ತೆ. ಎಷ್ಟೇ ಒಳ್ಳೆ ಸೀಲ್ ಹಾಕಿ, ಬಾಳೋದಿಲ್ಲ.

ಪೈಪ್ ನುಣ್ಣಗಿದ್ರೆ ಇನ್ನೊಂದು ಪರೀಕ್ಷೆ. ನೀರಿನ ಬಾಟಲಿಯಿಂದ ತೆಳ್ಳನೆ ಪಟ್ಟಿ ಕತ್ತರಿಸಿ, ತುದೀಲಿ ಸಣ್ಣ ಕೊಕ್ಕೆ ಮಾಡಿ, ಸೀಲ್ ಮತ್ತು ಪೈಪ್ ನಡುವೆ ತೂರಿಸಿ ಒಂದು ಸುತ್ತು ಆಡಿಸಿ. ಒಳಗೆ ಸಿಕ್ಕಿರೋ ಮಣ್ಣು ಬಂದ್ರೆ ಎಷ್ಟೋ ಸಲ ಸೋರೋದು ಅಲ್ಲಿಗೇ ನಿಲ್ಲುತ್ತೆ. ಮಳೆಗಾಲದಲ್ಲಿ ಮೆಟ್ರೋ ಕೆಲಸದ ರಸ್ತೆಗಳಲ್ಲಿ ಓಡೋ ಗಾಡಿಗಳಿಗೆ ಇದು ಮಾಮೂಲು.

ಎಣ್ಣೆ ಬ್ರೇಕ್ ಪ್ಯಾಡಿಗೆ ಇಳಿದಿದ್ಯಾ ನೋಡಿ. ಇಳಿದಿದ್ರೆ ಪ್ಯಾಡ್ ಬದಲಿಸಲೇಬೇಕು, ತೊಳೆದು ಹಾಕೋ ವಸ್ತು ಅಲ್ಲ. ಡಿಸ್ಕನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿದ್ರೆ ಸಾಕು.

ಟೂಲ್‌ಬಾಕ್ಸ್_ಯಶವಂತಪುರ:
ರಾಡ್ ಸುತ್ತೋ ತೊಂದರೆ ಬಿಚ್ಚೋ ಕ್ರಮ ತಪ್ಪಿದ್ರಿಂದ ಬರೋದು. ಒಳಗಿನ ಸ್ಪ್ರಿಂಗ್ ಒತ್ತಿಕೊಂಡಿರೋವಾಗ ನೀವು ಹೇಳೋ ಆ ರಾಡ್, ಅಂದ್ರೆ ಡ್ಯಾಂಪರ್ ರಾಡ್, ಅಲುಗಾಡಲ್ಲ. ಹಾಗಾಗಿ ಚಕ್ರ ಇಳಿಸೋಕೆ ಮುಂಚೇನೇ, ಮೇಲಿನ ಕ್ಯಾಪ್ ತೆಗೆಯೋಕೆ ಮುಂಚೇನೇ, ಕೆಳಗಿನ ಅಲೆನ್ ಬೋಲ್ಟನ್ನ ಅರ್ಧ ಸುತ್ತು ಸಡಿಲ ಮಾಡಿ ಬಿಡಿ. ಆಕ್ಸಲ್ ಅಡ್ಡ ಬಂದ್ರೆ ಚಕ್ರ ತೆಗೆದು, ಬಾಟಮನ್ನ ಮೇಲಕ್ಕೆ ಒತ್ತಿ ಹಿಡಿಯೋಕೆ ಒಬ್ಬರನ್ನ ಕರೀರಿ. ಆಗಲೂ ಸುತ್ತಿದ್ರೆ ಪಂಕ್ಚರ್ ಅಂಗಡಿಯ ಇಂಪ್ಯಾಕ್ಟ್ ಗನ್ ಒಂದು ಕ್ಷಣದಲ್ಲಿ ಬಿಚ್ಚುತ್ತೆ. ಮೇಲಿನ ಕ್ಯಾಪನ್ನೂ ಫೋರ್ಕ್ ಗಾಡೀಲಿ ಇರೋವಾಗಲೇ ಸಡಿಲಿಸಿ, ಆದ್ರೆ ಅದಕ್ಕೆ ಮೊದಲು ಟೀ ಕ್ಲ್ಯಾಂಪಿನ (ಎರಡೂ ಫೋರ್ಕ್ ಪೈಪನ್ನ ಹ್ಯಾಂಡಲ್ ಹತ್ರ ಬಿಗಿಯಾಗಿ ಹಿಡಿಯೋ ಭಾಗ) ಮೇಲಿನ ಬೋಲ್ಟ್ ಬಿಡಬೇಕು. ಇಲ್ದಿದ್ರೆ ಕ್ಯಾಪಿನ ಥ್ರೆಡ್ಡನ್ನ ಕ್ಲ್ಯಾಂಪ್ ಹಿಡ್ಕೊಂಡಿರುತ್ತೆ. ಕ್ಯಾಲಿಪರನ್ನ (ಬ್ರೇಕ್ ಪ್ಯಾಡ್ ಹಿಡಿಯೋ ಭಾಗ) ಹೋಸಿನಿಂದ ನೇತಾಡಿಸಬೇಡಿ, ತಂತೀಲಿ ಕಟ್ಟಿ.

ಪೈಪ್ ಹೊರಗೆ ಬಂದ ಮೇಲೆ ಸರ್ಕ್ಲಿಪ್ (ಸೀಲ್ ಮೇಲೆ ಕೂರೋ ತಂತಿ ಉಂಗುರ) ತೆಗೆದು ಹಳೇ ಸೀಲ್ ಮೀಟಿ. ಸ್ಕ್ರೂಡ್ರೈವರ್ ಕೆಳಗೆ ಮರದ ಚೂರೋ ದಪ್ಪ ರಬ್ಬರೋ ಇಡಿ, ಅಲ್ಯೂಮಿನಿಯಂ ಬಾಯಿಗೆ ಗೀರು ಬಿದ್ರೆ ಹೊಸ ಸೀಲಿನ ಹೊರಮೈಯಿಂದ ಸೋರುತ್ತೆ. ಸೀಲ್ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ, ಹೀಗೆ ಮೂರು ಅಂಕಿ ಅಚ್ಚಾಗಿರುತ್ತೆ. ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರಸ್ತೆಗೆ ಹಳೇ ಸೀಲ್ ಕೈಯಲ್ಲೇ ಹಿಡ್ಕೊಂಡು ಹೋಗಿ, ಮೂರೂ ಹೊಂದಿದ್ರೆ ಮಾತ್ರ ತಗೊಳ್ಳಿ. ಜೊತೆಗೆ ಅಲೆನ್ ಬೋಲ್ಟಿನ ತಾಮ್ರದ ವಾಷರ್ ಎರಡು. ಹಳೇ ವಾಷರ್ ಹಾಕಿದ್ರೆ ಮೇಲೆ ನಿಂತ ಸೋರಿಕೆ ಕೆಳಗೆ ಶುರುವಾಗುತ್ತೆ.

ಹೊಸ ಸೀಲ್ ಹಾಕೋವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ತುಟಿಗೆ ಫೋರ್ಕ್ ಆಯಿಲ್ ಸವರಿ ಇಳಿಸಿ. ಸಣ್ಣ ಸ್ಪ್ರಿಂಗ್ ಕಾಣೋ ಮುಖ ಕೆಳಗೆ, ಅಂಕಿ ಇರೋ ಮುಖ ಮೇಲೆ. ಹಳೇ ಸೀಲನ್ನ ಮೇಲಿಟ್ಟು ಪಿವಿಸಿ ಪೈಪಿನಿಂದ ಸುತ್ತಲೂ ಸಮನಾಗಿ ಬಡೀರಿ. ಕ್ಲಿಪ್ಪಿನ ಕಾಲುವೆ ಪೂರ್ತಿ ಕಾಣೋವರೆಗೂ ಸೀಲ್ ಕೂತಿಲ್ಲ ಅಂತಲೇ ಅರ್ಥ.

ಗೇರ್_ಜಯನಗರ:
ಆಯಿಲ್ ವಿಷಯಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ? 20ಡಬ್ಲ್ಯೂ-40 ಹಾಕಿ ಓಡಿಸೋರು ಎಷ್ಟೋ ಜನ ಇದಾರೆ.

ಸ್ಪ್ಯಾನರ್_ಬಸವನಗುಡಿ:
ಓಡುತ್ತೆ, ಆದ್ರೆ ಫೋರ್ಕ್ ತನ್ನ ಕೆಲಸ ಮಾಡಲ್ಲ. 40 ಡಿಗ್ರಿಯಲ್ಲಿ ಎಂಜಿನ್ ಆಯಿಲ್ 10ಡಬ್ಲ್ಯೂ ಫೋರ್ಕ್ ಆಯಿಲಿಗಿಂತ ಸುಮಾರು ಮೂರು ಪಟ್ಟು ಮಂದ. ಒಂದು ಗುಂಡಿಗೆ ಕೂತ ಫೋರ್ಕ್ ಮೇಲೇಳೋದರೊಳಗೆ ಮುಂದಿನ ಗುಂಡಿ ಬಂದಿರುತ್ತೆ, ಸಾಲು ಗುಂಡೀಲಿ ಕೈಗೆ ನೇರ ಪೆಟ್ಟು. ಇವರ ಗಾಡೀಲಿ ಮುಂಭಾಗ ಧುಪ್ ಅಂತ ಕೂರೋದು ಆಯಿಲ್ ಹೊರಗೆ ಹೋಗಿ ಕಡಿಮೆಯಾಗಿರೋದ್ರಿಂದ.

ಪ್ರಮಾಣ ಇನ್ನೂ ಮುಖ್ಯ. ಈ ವರ್ಗದ ಬೈಕಿಗೆ ಫೋರ್ಕಿನ ಒಂದು ಕಾಲಿಗೆ, ಅಂದ್ರೆ ಒಂದು ಬದಿಗೆ, ಸಾಮಾನ್ಯವಾಗಿ 150ರಿಂದ 200 ಮಿಲಿ, ನಿಮ್ಮ ಮಾಡೆಲಿನ ಅಂಕಿ ಸರ್ವೀಸ್ ಮ್ಯಾನುಯಲ್ಲಲ್ಲಿ ನೋಡಿ. ಬರೀ ಬಸಿದು ತುಂಬೋದಕ್ಕೂ ಪೂರ್ತಿ ಬಿಚ್ಚಿ ಒಣಗಿಸಿ ತುಂಬೋದಕ್ಕೂ ಅಂಕಿ ಬೇರೆ ಇರುತ್ತೆ, ನಿಮಗೆ ಬೇಕಾದ್ದು ಎರಡನೇದು. ಹೆಚ್ಚು ಹಾಕಿದ್ರೆ ಗಟ್ಟಿಯಾಗುತ್ತೆ ಅಂತ ಸುರಿಯಬೇಡಿ. ಪೈಪಿನ ಒಳವ್ಯಾಸ 25 ಮಿ.ಮೀ. ಇದ್ರೆ ಬರೀ 10 ಮಿಲಿ ಹೆಚ್ಚಾದ್ರೂ ಮಟ್ಟ 2 ಸೆಂ.ಮೀ. ಏರುತ್ತೆ. ಮೇಲಿರೋ ಗಾಳಿಗೆ ಜಾಗ ಸಾಲದೆ, ಫೋರ್ಕ್ ಪೂರ್ತಿ ಕೂತಾಗ ಒತ್ತಡವೆಲ್ಲ ಸೀಲಿನ ಮೇಲೆ ಬೀಳುತ್ತೆ. ಅಳತೆ ಗ್ಲಾಸ್ ಇಲ್ದಿದ್ರೆ ಮೆಡಿಕಲ್ ಅಂಗಡಿಯ 50 ಮಿಲಿ ಸಿರಿಂಜ್ ತಗೊಳ್ಳಿ. ತುಂಬಿದ ಮೇಲೆ ನಿಧಾನವಾಗಿ ಹತ್ತು ಸಲ ಮೇಲೆ ಕೆಳಗೆ ಎಳೆದು ಗಾಳಿ ಬಿಡಿಸಿ. ಆಮೇಲೆ ಸ್ಪ್ರಿಂಗ್ ಇಲ್ದೆ ಪೂರ್ತಿ ಒತ್ತಿ ಹಿಡಿದು, ಬಾಯಿಂದ ಎಣ್ಣೆವರೆಗಿನ ಆಳ ಎರಡೂ ಕಾಲಲ್ಲಿ ಒಂದೇ ಇದ್ಯಾ ಅಳೀರಿ.

ಪಲ್ಸರ್_ರಾಜಾಜಿನಗರ:
ಪೈಪ್ ನೋಡಿದೆ ಸರ್. ಬಾಟಮ್‌ನಿಂದ ಎರಡು ಬೆರಳು ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆ ಇದೆ, ಉಗುರಿಗೆ ತಡೆಯುತ್ತೆ. ಎಮೆರಿ ಹೊಡೆದ್ರೆ ಸಾಕಾ?

ಟೂಲ್‌ಬಾಕ್ಸ್_ಯಶವಂತಪುರ:
ಒಂದೇ ಚುಕ್ಕೆ, ಸುತ್ತ ಕ್ರೋಮ್ ಎದ್ದಿಲ್ಲ ಅಂದ್ರೆ ಉಳಿಸಬಹುದು. 1000ದ ವಾಟರ್ ಪೇಪರಿಗೆ ಎಣ್ಣೆ ಹಾಕಿ ಅಂಚಿನ ಉಬ್ಬು ಮಾತ್ರ ತೆಗೀರಿ, ತುಕ್ಕು ಕೆರೆದು ಗುಳಿಗೆ ಎಪಾಕ್ಸಿ ತುಂಬಿ, ಪೂರ್ತಿ ಒಣಗಿದ ಮೇಲೆ 2000ದ ಪೇಪರಲ್ಲಿ ಪೈಪಿನ ಮಟ್ಟಕ್ಕೆ ಇಳಿಸಿ. ಕ್ರೋಮ್ ಸಿಪ್ಪೆ ಏಳ್ತಿದ್ರೆ ಇದು ನಿಲ್ಲಲ್ಲ. ಆಗ ಪೀಣ್ಯದ ಕಡೆ ಹಾರ್ಡ್ ಕ್ರೋಮ್ ಮಾಡೋರ ಹತ್ರ ಕೊಡಿ, ಆದ್ರೆ ಗ್ರೈಂಡ್ ಮಾಡಿ ಮೂಲ ವ್ಯಾಸಕ್ಕೆ ತಂದು ಕೊಡ್ತಾರಾ ಅಂತ ಮೊದಲೇ ಕೇಳಿ. ಹೊಳಪಿಗೆ ಹಾಕೋ ಬಂಪರ್ ಕ್ರೋಮ್ ಇದಕ್ಕೆ ಆಗಲ್ಲ. ಎರಡು ಪೈಪಿಗೆ ಅವರು ಹೇಳೋ ರೇಟು ಹೊಸ ಪೈಪಿನ ಹತ್ರ ಬಂದ್ರೆ ಹೊಸದೇ ಹಾಕಿ. ಪೈಪ್ ಬಾಗಿದ್ಯಾ ಅಂತಲೂ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಕೆಳಗಿಂದ ಬೆಳಕಿನ ಗೆರೆ ಕುಣಿದ್ರೆ ಆ ಪೈಪ್ ಬೇಡ.

ಕೊನೇಲಿ ಚಕ್ರ ಕೂರಿಸೋವಾಗ ಟೀ ಕ್ಲ್ಯಾಂಪ್ ಬಿಗಿ ಮಾಡಿ, ಆಕ್ಸಲ್ ನಟ್ಟನ್ನ ಮಾತ್ರ ಕೈ ಬಿಗೀಲಿ ಬಿಡಿ. ಬ್ರೇಕ್ ಲಿವರನ್ನ ಪಂಪ್ ಮಾಡಿ ಪ್ಯಾಡ್ ಡಿಸ್ಕಿಗೆ ತಾಗಿಸಿ, ಬ್ರೇಕ್ ಹಿಡಿದು ಮುಂಭಾಗವನ್ನ ನಾಲ್ಕೈದು ಸಲ ಒತ್ತಿ. ಎರಡೂ ಕಾಲು ತಾವಾಗೇ ಸಮ ಆದ ಮೇಲೆ ಆಕ್ಸಲ್ ಬಿಗಿ ಮಾಡಿ.