ವಿಡಿಯೋ ಇಟ್ಟುಕೊಂಡು ಹೆದರಿಸುವವನಿಗೆ ನಿಜಕ್ಕೂ ಜೈಲಾಗುತ್ತಾ? ಅನುಭವ ಇದ್ದವರು ಹೇಳಿ

ತುಮಕೂರಿನ ಅಣ್ಣ: ತಂಗಿಯ ಹಳೇ ಗೆಳೆಯ ಅವಳ ಖಾಸಗಿ ವಿಡಿಯೋ ಇಟ್ಟುಕೊಂಡು ದುಡ್ಡು ಕೇಳುತ್ತಿದ್ದಾನೆ. 40 ಸಾವಿರ ಕೊಟ್ಟಾಗಿದೆ. ಮೊನ್ನೆಯಿಂದ ಮತ್ತೆ ಶುರು. ದೂರು ಕೊಟ್ಟರೆ ಶಿಕ್ಷೆ ಆಗುತ್ತಾ, ಇಲ್ಲ ಮಾನ ಹೋಗುವುದು ಅಷ್ಟೇನಾ?

ಮಲೆನಾಡಿನವಳು: ನಾನು 2019ರಲ್ಲಿ ದೂರು ಕೊಟ್ಟೆ. 2023ರ ಕೊನೆಗೆ ತೀರ್ಪು, 2 ವರ್ಷ ಶಿಕ್ಷೆ. ಕೋರ್ಟಿಗೆ 31 ಸಲ ಹೋದೆ, ಅದರಲ್ಲಿ 19 ಸಲ ಬರೀ ವಾಯಿದೆ. ಒಂದು ಸಲಕ್ಕೆ ಬಸ್ಸು, ಊಟ 640 ರೂಪಾಯಿ. ಸರ್ಕಾರಿ ವಕೀಲರಿದ್ದರೂ ನನ್ನ ಕಡೆಯಿಂದ ಒಬ್ಬರನ್ನು ಇಟ್ಟೆ, 55 ಸಾವಿರ. ನನ್ನ ಫೋನೂ 14 ತಿಂಗಳು ಲ್ಯಾಬಿನಲ್ಲೇ ಕೂತಿತ್ತು, ಹೊಸದಕ್ಕೆ 11,500. ಅವನು ಅಪೀಲು ಹಾಕಿ ಜಾಮೀನಿನ ಮೇಲೆ ಆಚೆ ಇದ್ದಾನೆ. ನಮ್ಮ ಬೀದಿಯಲ್ಲೇ ಬೈಕ್ ಓಡಿಸುತ್ತಾನೆ. ಆದರೂ ತಲೆ ತಗ್ಗಿಸುವವನು ಅವನು, ನಾನಲ್ಲ.

ಮಗಳ ಅಪ್ಪ: ನಾವು ರಾಜಿ ಮಾಡಿಕೊಂಡೆವು. ಹಿರಿಯರು ಕೂತು, ಅವನ ಫೋನಿಂದ ಅಳಿಸಿಸಿ, 1 ಲಕ್ಷ 20 ಸಾವಿರ ಕೊಡಿಸಿದರು. ಚಿನ್ನ ಅಡವಿಟ್ಟು ತಂದಿದ್ದು, ಬಡ್ಡಿ ಇನ್ನೂ ಕಟ್ಟುತ್ತಿದ್ದೇನೆ. 5 ತಿಂಗಳಿಗೆ ಬೇರೆ ನಂಬರಿಂದ ಅದೇ ವಿಡಿಯೋ ಬಂತು. ಆದರೂ ಮಗಳ ಮದುವೆ ನಿಲ್ಲಲಿಲ್ಲ ನೋಡಿ.

ಮಲೆನಾಡಿನವಳು: ನಿಮ್ಮಂಥವರು ದುಡ್ಡು ಕೊಡುವುದಕ್ಕೇ ಅವರು ಇನ್ನೊಂದು ಮನೆ ಹುಡುಕುವುದು.

ಮಗಳ ಅಪ್ಪ: ಹೆಣ್ಣು ಹೆತ್ತು ನೋಡಮ್ಮಾ, ಆಮೇಲೆ ಮಾತಾಡು.

ಗುಮಾಸ್ತ: ಜಗಳ ಬಿಡಿ. 2024ರ ಜುಲೈ 1ಕ್ಕೆ ಮೊದಲು ಬೆದರಿಸಿ ದುಡ್ಡು ಕಿತ್ತಿದ್ದರೆ ಹಳೇ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 384, ಹೆಚ್ಚೆಂದರೆ 3 ವರ್ಷ. ಆಮೇಲಿನದಾದರೆ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನ (ಭಾರತೀಯ ನ್ಯಾಯ ಸಂಹಿತೆ) 308, 7 ವರ್ಷದವರೆಗೆ. ನಮ್ಮ ಆಫೀಸಿನ ಒಂದು ಕೇಸಲ್ಲಿ ಕೊನೇ ಮೆಸೇಜು ಜೂನ್ 27ರದ್ದು. ನಾಲ್ಕೇ ದಿನದ ಅಂತರದಲ್ಲಿ 7 ವರ್ಷದ ಶಿಕ್ಷೆಯಿಂದ ಬಚಾವಾದ! ವಿಡಿಯೋ ಹರಿಬಿಟ್ಟರೆ ಐಟಿ ಕಾಯ್ದೆ 67ಎ ಹಾಕಿಸಿ. ಮೊದಲ ಸಲಕ್ಕೇ 5 ವರ್ಷದವರೆಗೆ, ದಂಡ 10 ಲಕ್ಷದವರೆಗೆ. ಬರೀ 66ಇ (ಖಾಸಗಿತನಕ್ಕೆ ಧಕ್ಕೆ) ಹಾಕಿದರೆ ಠಾಣೆಯಲ್ಲೇ ಜಾಮೀನು.

ನೇರನುಡಿ: ಹುಡುಗಿ ಒಪ್ಪಿಯೇ ತೆಗೆಸಿಕೊಂಡಿದ್ದಲ್ವಾ? ಒಪ್ಪಿದ ಮೇಲೆ ಕೇಸೆಲ್ಲಿ ನಿಲ್ಲುತ್ತೆ?

ಗುಮಾಸ್ತ: ಓದಿ ಬನ್ನಿ ಸ್ವಾಮಿ. ತೆಗೆಯಲು ಒಪ್ಪಿದರೂ ಹಂಚಲು ಒಪ್ಪದಿದ್ದರೆ ಅದು ಅಪರಾಧವೇ, ಬಿಎನ್‌ಎಸ್ ಸೆಕ್ಷನ್ 77ರ ವಿವರಣೆಯಲ್ಲೇ ಇದೆ. 2018ರಲ್ಲಿ ಪಶ್ಚಿಮ ಬಂಗಾಳದ ತಮ್ಲುಕ್ ಕೋರ್ಟು ಇಂಥದ್ದೇ ಹಳೇ ಗೆಳೆಯನಿಗೆ 5 ವರ್ಷ ಕೊಟ್ಟಿತು. ದಂಡ ಮಾತ್ರ 9 ಸಾವಿರ, ಅದು ಬೇರೆ ನಗು.

ಹೆಸರು ಬೇಡ: ನಾನು ಗಂಡಸು. ವಿಡಿಯೋ ಕಾಲ್ ರೆಕಾರ್ಡ್ ಮಾಡಿ 1,84,000 ಕಿತ್ತರು. 7 ಕಂತಿನಲ್ಲಿ, ಕೊನೇದು ಪಿಎಫ್ ದುಡ್ಡು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮೂರನೇ ದಿನ. ತಡೆಹಿಡಿದು ವಾಪಸ್ ಸಿಕ್ಕಿದ್ದು 22 ಸಾವಿರ. ಆ ಸೆಕ್ಷನ್ 77 ಇರುವುದು ಹೆಂಗಸರಿಗೆ ಮಾತ್ರವಂತೆ. ನಮಗೆ ಮಾನ ಇಲ್ವಾ?

ನೇರನುಡಿ: ಕಾಲ್ ಎತ್ತಿದ್ದು ಯಾಕೆ?

ಹೆಸರು ಬೇಡ: ನಿನಗೆ ಉತ್ತರ ಕೊಡೋಕೆ ನಾನಿಲ್ಲಿ ಬಂದಿಲ್ಲ.

ಮಗಳ ಅಪ್ಪ: ಅಮ್ಮಾ ಮಲೆನಾಡಿನವಳೇ, 640 ಹೇಗಾಯ್ತು? ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ?

ಮಲೆನಾಡಿನವಳು: ಶಕ್ತಿ ಯೋಜನೆ ಬಂದಿದ್ದೇ 2023ರ ಜೂನಿನಲ್ಲಿ. ಅಷ್ಟರಲ್ಲಿ 27 ಸಲ ಟಿಕೆಟ್ ಹರಿಸಿದ್ದೆ. ಜೊತೆಗೆ ಬರುತ್ತಿದ್ದ ನಮ್ಮಪ್ಪನಿಗೂ ಫ್ರೀ ಇತ್ತಾ?

ತುಮಕೂರಿನ ಅಣ್ಣ: ತಂಗಿಗೆ ಅವನ ಬೆದರಿಕೆ ಮೆಸೇಜು ಬಂದಿದ್ದು ಆಗಸ್ಟಿನಲ್ಲಿ. 2024. ಅಂದರೆ 308 ಅಲ್ವಾ?