ಗೇರು ಸಿಪ್ಪೆಯ ಎಣ್ಣೆ ಯಾರಿಗೆ ಬೇಕು?

ಪುತ್ತೂರಿನವ: ನಮ್ಮೂರ ಗೇರು ಬೀಜದ ಕಾರ್ಖಾನೆಯವರು ಸಿಪ್ಪೆಯನ್ನೂ ಮಾರುತ್ತಾರೆ. ಕೈಗೆ ತಾಗಿದರೆ ಚರ್ಮ ಸುಡುವ ಆ ಎಣ್ಣೆಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಮಾರಾಯ್ರೆ?

ಪೇಂಟ್ ಕೆಮಿಸ್ಟ್: ನಮ್ಮಂಥವರೇ! ಸುಡುವುದು ಮುಖ್ಯವಾಗಿ ಅದರಲ್ಲಿರುವ ಅನಕಾರ್ಡಿಕ್ ಆಮ್ಲ. ಚೆನ್ನಾಗಿ ಕಾಯಿಸಿದರೆ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಪೆಟ್ರೋಲಿಯಂನಿಂದ ಬರುವ ಫೀನಾಲ್ ಎಂಬ ರಾಸಾಯನಿಕದ ಜಾತಿಯದೇ, ಆದರೆ ಇದಕ್ಕೆ 15 ಕಾರ್ಬನ್‌ಗಳ ಉದ್ದ ಬಾಲ. ಆ ಬಾಲ ನೀರನ್ನು ದೂರ ಇಡುತ್ತದೆ. ಅದಕ್ಕೇ ಹಡಗಿನ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ) ಪೇಂಟ್ ಗಟ್ಟಿಯಾಗಿಸಲು ಇದರಿಂದ ಮಾಡಿದ ಫೀನಾಲ್ಕಮೈನ್ ಹಾಕುತ್ತೇವೆ. ಚಳಿಯಲ್ಲೂ ಒಣಗುತ್ತದೆ. ಬಿಳಿ ಪೇಂಟ್‌ಗೆ ಮಾತ್ರ ಬೇಡ, ಹಳದಿ ತಿರುಗುತ್ತದೆ.

ಗ್ಯಾರೇಜ್ ಭಟ್ರು: ಬ್ರೇಕ್ ಲೈನರ್‌ನಲ್ಲೂ ಇದೇ ಇರುತ್ತದೆ, ಅಲ್ವಾ?

ಪೇಂಟ್ ಕೆಮಿಸ್ಟ್: ಹೌದು ಭಟ್ರೇ, ಫಾರ್ಮಾಲ್ಡಿಹೈಡ್ ಜೊತೆ ಸೇರಿಸಿದ ರಾಳ. ಆದರೆ ಆ ಫಾರ್ಮಾಲ್ಡಿಹೈಡ್ ಮೆಥನಾಲ್‌ನಿಂದ, ಮೆಥನಾಲ್ ಜಾಸ್ತಿ ಬರುವುದು ಗ್ಯಾಸ್, ಕಲ್ಲಿದ್ದಲಿನಿಂದ. ಪೂರ್ತಿ ಗಿಡದ್ದು ಅಂತ ಲೇಬಲ್ ಹಚ್ಚಿದರೆ ನಾನು ಒಪ್ಪುವುದಿಲ್ಲ.