ಅಮ್ಮನ ವಿಸಿಟ್ ವೀಸಾ ಮುಗಿದಿದೆ, ದುಬೈನಿಂದ ಮಂಗಳೂರಿಗೆ ಕಳಿಸೋದು ಹೇಗೆ? (ಮೇ 2020)

ಪ್ರಶ್ನೆ: ನನ್ನ ಬಾಣಂತನಕ್ಕೆ ಬಂದ ಅಮ್ಮ ಲಾಕ್‌ಡೌನ್‌ನಿಂದ ಇಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ವೀಸಾ ಏಪ್ರಿಲ್‌ನಲ್ಲೇ ಮುಗಿಯಿತು. ಊರಿಂದ ತಂದ ಬಿಪಿ ಮಾತ್ರೆಯೂ ಕೊನೆಯ ಶೀಟ್. ಏಜೆಂಟ್ ಒಬ್ಬ ದಂಡ ಕಟ್ಟಲೇಬೇಕು ಅನ್ನುತ್ತಿದ್ದಾನೆ. ಹೌದಾ?

ಉತ್ತರ 1: ಸುಮ್ನೆ ದುಡ್ಡು ಕೊಡಬೇಡಿ. ಮಾರ್ಚ್ 1ರ ನಂತರ ಮುಗಿದ ವೀಸಾಗಳಿಗೆ ಸದ್ಯ ದಂಡವಿಲ್ಲ ಎಂದು ಯುಎಇ ಸರ್ಕಾರವೇ ಹೇಳಿದೆ. ಮೊದಲು ದುಬೈನ ಭಾರತೀಯ ಕಾನ್ಸುಲೇಟ್ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ. ವಯಸ್ಸು, ಬಿಪಿ, ವೀಸಾ ಮುಗಿದದ್ದು ಎಲ್ಲ ಬರೆಯಿರಿ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಭಾರತ ಸರ್ಕಾರ ಬಿಟ್ಟಿರುವ ವಂದೇ ಭಾರತ್ ವಿಮಾನದಲ್ಲಿ ವಯಸ್ಸಾದವರಿಗೆ, ಗರ್ಭಿಣಿಯರಿಗೆ ಆದ್ಯತೆ ಇದೆ.

ಉತ್ತರ 2: ನಮ್ಮತ್ತೆ ಮೇ 12ರ ಮಂಗಳೂರು ವಿಮಾನದಲ್ಲಿ ಹೋದರು. ಪುಕ್ಕಟೆ ಅಲ್ಲ, ಟಿಕೆಟ್ ದುಡ್ಡು ನಮ್ಮದೇ. ಇಳಿದ ಮೇಲೆ ಕ್ವಾರಂಟೈನ್, ಹೋಟೆಲ್ ಖರ್ಚೂ ನಮ್ಮದೇ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಅಮ್ಮನ ಫೋನಿಗೆ ಆರೋಗ್ಯ ಸೇತು (ಸರ್ಕಾರದ ಕೊರೊನಾ ಆ್ಯಪ್) ಹಾಕಿಕೊಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಏಜೆಂಟನ ನಂಬರ್ ಬ್ಲಾಕ್ ಮಾಡಿದೆ. ಅಮ್ಮನದು ಕೀಪ್ಯಾಡ್ ಫೋನ್, ನನ್ನ ಹಳೇದನ್ನೇ ಕೊಟ್ಟು ಕಳಿಸ್ತೀನಿ.